ಛೇದವನ್ನು ಮೊದಲು ಓದಿ: ಆರೋಗ್ಯದ ಅಂಕಿಗಳ ಬಗ್ಗೆ ನಿವೃತ್ತ ನರ್ಸಮ್ಮನ ಪಾಠ

ನನ್ನ ತಂಗಿಯ ಮಗಳು ಜಿಲ್ಲಾ ಪತ್ರಿಕೆಯೊಂದರಲ್ಲಿ ವರದಿಗಾರ್ತಿ. ಒಂದು ಸಂಜೆ ಫೋನ್ ಮಾಡಿ, "ದೊಡ್ಡಮ್ಮ, ನಮ್ಮ ತಾಲ್ಲೂಕಿನಲ್ಲಿ ತಾಯಂದಿರ ಮರಣ ದುಪ್ಪಟ್ಟಾಗಿದೆ. ನಾಳೆ ಮುಖಪುಟಕ್ಕೆ ಕೊಡುತ್ತಿದ್ದೇನೆ, ನೀವೂ ಒಂದು ಮಾತು ಹೇಳಿ" ಎಂದಳು. ಎಷ್ಟಿದ್ದದ್ದು ಎಷ್ಟಾಯಿತು ಎಂದು ಕೇಳಿದೆ. 33 ಇದ್ದದ್ದು 67 ಆಗಿದೆ ಎಂದಳು. "ಹಾಗಾದರೆ ಹೋದ ವರ್ಷ ಒಬ್ಬಳು ಸತ್ತಿದ್ದಳು, ಈ ವರ್ಷ ಇಬ್ಬರು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಇದರಲ್ಲಿ ಜಾದೂ ಏನೂ ಇಲ್ಲ. ತಾಯಂದಿರ ಮರಣದ ಅನುಪಾತವನ್ನು ಒಂದು ಲಕ್ಷ ಜೀವಂತ ಜನನಕ್ಕೆ ಇಷ್ಟು ಎಂದು ಹೇಳುತ್ತಾರೆ. ನಮ್ಮಂಥ ತಾಲ್ಲೂಕಿನಲ್ಲಿ ವರ್ಷಕ್ಕೆ ಮೂರು ಸಾವಿರ ಹೆರಿಗೆ. ಮೂರು ಸಾವಿರದಲ್ಲಿ ಒಂದು ಸಾವೆಂದರೆ ಲಕ್ಷಕ್ಕೆ 33, ಎರಡಾದರೆ 67. ಎರಡು ಸಾವೂ ಆಗಬಾರದಿತ್ತು. ಆ ಇಬ್ಬರು ಹೆಣ್ಣುಮಕ್ಕಳ ಮನೆಗೆ ಹೋಗಿ ಬರೆದರೆ ಅದೇ ದೊಡ್ಡ ಸುದ್ದಿ. ಆದರೆ "ದುಪ್ಪಟ್ಟು" ಎಂಬ ಶಬ್ದ ಬೇರೆಯೇ ಕಥೆ ಹೇಳುತ್ತದೆ. ಮುಂದಿನ ವರ್ಷ ಯಾರೂ ಸಾಯದಿದ್ದರೆ "ತಾಯಂದಿರ ಮರಣ ಶೂನ್ಯಕ್ಕೆ" ಎಂದು ಬರೆದು ಯಾರಿಗೋ ಹಾರ ಹಾಕುತ್ತಾರೆ. ಅದೂ ಅಷ್ಟೇ ಪೊಳ್ಳು.

ನಾನು 1987ರಲ್ಲಿ ಎಎನ್ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ, ಆಗಿ ಸೇರಿ 2021ರಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ತುಮಕೂರು ಜಿಲ್ಲೆಯ ಬಯಲು ಸೀಮೆಯ ಹಳ್ಳಿಗಳಲ್ಲಿ ಜನ ಕರೆಯುತ್ತಿದ್ದ ಹೆಸರು ನರ್ಸಮ್ಮ. ಸೂಜಿ ಹಿಡಿದಷ್ಟೇ ಹೊತ್ತು ರಿಜಿಸ್ಟರ್ ಹಿಡಿದಿದ್ದೇನೆ. ದೆಹಲಿಯ ವರದಿಯಲ್ಲಿ ದಶಾಂಶ ಚಿಹ್ನೆಯೊಂದಿಗೆ ಹೊಳೆಯುವ ಅಂಕಿಗಳಲ್ಲಿ ಕೆಲವು ನನ್ನಂಥವರ ಮೊಣಕಾಲಿನ ಮೇಲೆ ಹುಟ್ಟಿದವು. ಅವುಗಳನ್ನು ಹೇಗೆ ಓದಬೇಕೆಂದು ತಂಗಿಯ ಮಗಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪತ್ರಕರ್ತರಿಗೆ, ಪಂಚಾಯಿತಿ ಸದಸ್ಯರಿಗೆ, ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ನಂಬುವ ಮೊದಲು ಒಂದು ಕ್ಷಣ ನಿಲ್ಲುವವರಿಗೆ ಉಪಯೋಗಕ್ಕೆ ಬರಬಹುದು.

ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದು ನೆನಪಿದೆಯೇ? ಮೇಲೆ ಅಂಶ, ಕೆಳಗೆ ಛೇದ. ಎಲ್ಲರೂ ಅಂಶಕ್ಕೆ ಬಾಯಿ ಬಿಡುತ್ತಾರೆ: ಎಷ್ಟು ಸತ್ತರು, ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದರು. ನೀವು ಛೇದದಿಂದ ಶುರು ಮಾಡಿ. ಎಷ್ಟು ಜನರಲ್ಲಿ? ಯಾವ ಜನರಲ್ಲಿ? ಅವರನ್ನು ಎಣಿಸಿದವರು ಯಾರು, ಎಲ್ಲಿ ನಿಂತು ಎಣಿಸಿದರು?

ಯಾವ ಕಣಜದ ಕಾಳು

ಮೊದಲು ಅಂಕಿ ಎಲ್ಲಿಂದ ಬಂತು ಎಂದು ನೋಡಿ. ನಮ್ಮ ದೇಶದಲ್ಲಿ ಇಂಥ ಕಣಜಗಳು ಮುಖ್ಯವಾಗಿ ನಾಲ್ಕು. ಒಂದರ ಕಾಳನ್ನು ಇನ್ನೊಂದರಲ್ಲಿ ಬೆರೆಸಿದರೆ ಅಡುಗೆ ಕೆಡುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲನೆಯದು. 1992-93ರಲ್ಲಿ ಶುರುವಾಗಿ 2019-21ರ ಹೊತ್ತಿಗೆ ಐದು ಸುತ್ತು ಮುಗಿದಿತ್ತು. ಐದನೆಯ ಸುತ್ತಿನಲ್ಲಿ ದೇಶದ 6.36 ಲಕ್ಷ ಮನೆಗಳಿಗೆ ಹೋಗಿ, 7.24 ಲಕ್ಷ ಮಹಿಳೆಯರನ್ನು ಮಾತನಾಡಿಸಿ, ಬೆರಳು ಚುಚ್ಚಿ, ಮಕ್ಕಳನ್ನು ತೂಗಿ ಬರೆದುಕೊಂಡರು. ಜಿಲ್ಲೆಗೊಂದು ಅಂಕಿಅಂಶ ಪತ್ರ ಇದರಲ್ಲಿ ಸಿಗುತ್ತದೆ, ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು.

ಎರಡನೆಯದು ಮಾದರಿ ನೋಂದಣಿ ವ್ಯವಸ್ಥೆ, ಎಸ್ಆರ್‌ಎಸ್. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ನಡೆಸುವ ಈ ಏರ್ಪಾಡನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಆರಿಸಿದ ಸುಮಾರು 8,800 ಹಳ್ಳಿ, ಬಡಾವಣೆಗಳಲ್ಲಿ ಸ್ಥಳೀಯ ಗಣತಿದಾರರೊಬ್ಬರು ಹುಟ್ಟು ಸಾವುಗಳನ್ನು ವರ್ಷವಿಡೀ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಸ್ವತಂತ್ರವಾಗಿ ಇನ್ನೊಂದು ಪಟ್ಟಿ ಮಾಡುತ್ತಾರೆ. ಎರಡೂ ಪಟ್ಟಿ ತಾಳೆಯಾಗದ ಕಡೆ ಮತ್ತೆ ಮನೆಗೇ ಹೋಗಿ ವಿಚಾರಿಸುತ್ತಾರೆ. ಅತ್ತೆಯ ಲೆಕ್ಕ ಒಂದು, ಸೊಸೆಯ ಲೆಕ್ಕ ಒಂದು, ಎರಡೂ ಕೂಡಿದರೆ ಮಾತ್ರ ಡಬ್ಬಿ ಮುಚ್ಚುವ ಮನೆಯಂತೆ. ಆದರೆ ಇದು ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. "ಎಸ್ಆರ್‌ಎಸ್ ಪ್ರಕಾರ ನಮ್ಮ ತಾಲ್ಲೂಕಿನಲ್ಲಿ" ಎಂದು ಯಾರಾದರೂ ಶುರು ಮಾಡಿದರೆ ಅಲ್ಲಿಯೇ ತಡೆಯಿರಿ.

ಮೂರನೆಯದು ಜನನ ಮರಣ ನೋಂದಣಿ. ನಾಲ್ಕನೆಯದು ಆಸ್ಪತ್ರೆ, ಹಳ್ಳಿಯ ಆರೋಗ್ಯ ಉಪಕೇಂದ್ರಗಳಿಂದ ತಿಂಗಳು ತಿಂಗಳು ಹೋಗುವ ವರದಿ. ಇಲಾಖೆಯಲ್ಲಿ ಎಚ್ಎಂಐಎಸ್ ಎನ್ನುತ್ತಾರೆ. ನಾನು 34 ವರ್ಷ ಕಾಳು ಹಾಕಿದ್ದು ಈ ಕೊನೆಯದಕ್ಕೆ. ಇದರ ತೂತುಗಳೂ ನನಗೆ ಗೊತ್ತು.

ಶಿಶು ಮರಣವನ್ನೇ ನೋಡಿ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಾವಿರ ಜನನಕ್ಕೆ 35.2. ಎಸ್ಆರ್‌ಎಸ್‌ನ 2020ರ ಅಂಕಿ 28. ಎರಡೂ ಒಂದೇ ಹೊತ್ತಿನವು ಎನಿಸುತ್ತದೆ, ಆದರೆ ಹಾಗಲ್ಲ. ಸಮೀಕ್ಷೆಯವರು ತಾಯಂದಿರನ್ನು ಕೇಳಿ ಹಿಂದಿನ ಐದು ವರ್ಷಗಳ ಹೆರಿಗೆಗಳನ್ನು ಒಟ್ಟು ಹಿಡಿಯುತ್ತಾರೆ. ಎಸ್ಆರ್‌ಎಸ್‌ನದು ಆ ಒಂದು ವರ್ಷದ್ದು. ಒಂದು ಭಾಷಣದಲ್ಲಿ ಕೇಳಿದ್ದೇನೆ: ಸಮೀಕ್ಷೆಯ ಹಳೆಯ ಅಂಕಿಯನ್ನೂ ಎಸ್ಆರ್‌ಎಸ್‌ನ ಹೊಸ ಅಂಕಿಯನ್ನೂ ಪಕ್ಕಪಕ್ಕ ಇಟ್ಟು "ಇಷ್ಟು ಇಳಿಸಿದ್ದೇವೆ" ಎಂದರು. ಚಪ್ಪಾಳೆಯೂ ಬಿತ್ತು. ಏರಿತೋ ಇಳಿಯಿತೋ ನೋಡಬೇಕಾದರೆ ಒಂದೇ ಕಣಜದ ಎರಡು ವರ್ಷಗಳನ್ನು ಹೋಲಿಸಿ. ಸಮೀಕ್ಷೆಯಲ್ಲೇ ನಾಲ್ಕನೆಯ ಸುತ್ತಿನ 40.7 ಐದನೆಯದರಲ್ಲಿ 35.2 ಆಯಿತು ಎಂದರೆ ಅದು ಮಾತು.

ತವರಿಗೆ ಹೋದವಳು ಎಲ್ಲಿ?

ಉಪಕೇಂದ್ರದ ನರ್ಸಿಗೆ ವರ್ಷದ ಮೊದಲೇ ಒಂದು ಗುರಿ ಬರುತ್ತದೆ. ಬಯಲು ಸೀಮೆಯ ಉಪಕೇಂದ್ರಕ್ಕೆ ಐದು ಸಾವಿರ ಜನಸಂಖ್ಯೆ ಎಂಬುದು ನಿಯಮ. ರಾಜ್ಯದ ಜನನ ದರ ಸಾವಿರಕ್ಕೆ 16.5 ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 82 ಹೆರಿಗೆ. ಗರ್ಭ ನಿಲ್ಲದೆ ಹೋಗುವವರಿಗೆ ಶೇ 10 ಸೇರಿಸಿ ಸುಮಾರು 90 ಗರ್ಭಿಣಿಯರು ಇರಲೇಬೇಕು ಎಂದು ಮೇಲಿನವರ ಲೆಕ್ಕ. ಈ 90 ಕಾಗದದ ಮೇಲಿನ ಗರ್ಭಿಣಿಯರು. ಅವರ ಮುಖ ಯಾರೂ ನೋಡಿಲ್ಲ. ಆದರೆ ನಾವು ಮಾಡಿದ ಕೆಲಸವನ್ನೆಲ್ಲ ಅವರಿಂದಲೇ ಭಾಗಿಸುತ್ತಾರೆ.

ಈಗ ನಮ್ಮ ಕಡೆಯ ಪದ್ಧತಿ ನೋಡಿ. ಚೊಚ್ಚಲು ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು ಹುಡುಗಿ ತಾಯಿ ಮನೆಗೆ ಹೋಗುತ್ತಾಳೆ. ಬಾಣಂತನ ಮುಗಿಸಿ ಮಗು ತಲೆ ನಿಲ್ಲಿಸಿದ ಮೇಲೆ ಬರುತ್ತಾಳೆ. ತಾಯಿ ಕಾರ್ಡ್ ನನ್ನ ಉಪಕೇಂದ್ರದ್ದು, ಹೆರಿಗೆ ಇನ್ನೊಂದು ತಾಲ್ಲೂಕಿನದು, ಮೊದಲ ಲಸಿಕೆಗಳು ಅಲ್ಲಿನವು, ದಡಾರದ ಲಸಿಕೆ ಮತ್ತೆ ನನ್ನದು. ಅದೇ ಹೊತ್ತಿಗೆ ನನ್ನ ಹಳ್ಳಿಯ ಹೆಣ್ಣುಮಕ್ಕಳು ಗಂಡನ ಮನೆಯಿಂದ ಇಲ್ಲಿಗೆ ಬರುತ್ತಾರೆ. ಹೀಗೆ ಒಂದು ವರ್ಷ ನನ್ನ ಲಸಿಕೆಯ ಸಾಧನೆ ಶೇ 104 ಎಂದು ಬಂತು. ಮಾಸಿಕ ಸಭೆಯಲ್ಲಿ ಅಧಿಕಾರಿಯೊಬ್ಬರು ಎಲ್ಲರೆದುರು "ಇಲ್ಲದ ಮಕ್ಕಳಿಗೂ ಲಸಿಕೆ ಹಾಕಿದ್ದೀರಾ ಅಮ್ಮ?" ಎಂದು ಕೇಳಿದರು. ಹಾಕಿದ್ದು ಇದ್ದ ಮಕ್ಕಳಿಗೇ ಸ್ವಾಮಿ, ನಿಮ್ಮ ಛೇದದಲ್ಲಿ ಅವರು ಇರಲಿಲ್ಲ. ಆಗ ಹೇಳಲು ಧೈರ್ಯ ಬರಲಿಲ್ಲ, ಈಗ ಹೇಳುತ್ತಿದ್ದೇನೆ. ಪಕ್ಕದ ಉಪಕೇಂದ್ರದವಳಿಗೆ ಶೇ 81 ಬಂದು, ಅವಳಿಗೆ ನೋಟಿಸು ಹೋಯಿತು. ಅವಳ ಕೆಲಸ ನನಗಿಂತ ಚೆನ್ನಾಗಿತ್ತು.

ಆದ್ದರಿಂದ ತಿಂಗಳ ವರದಿಯ ಶೇಕಡಾವಾರು ನೂರು ದಾಟಿದ್ದರೆ ಕಳ್ಳತನವೆಂದು ಕೂಗಬೇಡಿ, ನೂರಕ್ಕೆ ಹತ್ತಿರವಿದ್ದರೆ ಸಂಭ್ರಮಿಸಲೂ ಬೇಡಿ. ಲಸಿಕೆಯ ವಿಷಯಕ್ಕೆ ಮನೆಗೆ ಹೋಗಿ ಕಾರ್ಡ್ ನೋಡಿದ ಸಮೀಕ್ಷೆಯೇ ಹೆಚ್ಚು ನಂಬಿಕೆಗೆ ಯೋಗ್ಯ. ಅಲ್ಲಿ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ನಾಲ್ಕನೆಯ ಸುತ್ತಿನಲ್ಲಿ ಶೇ 62.6 ಇದ್ದದ್ದು ಐದನೆಯದರಲ್ಲಿ ಶೇ 84.1 ಆಗಿದೆ. ಸಮೀಕ್ಷೆಯ ಅಂಕಿಅಂಶ ಪತ್ರದಲ್ಲಿ ಇದಕ್ಕೆ ಎರಡು ಸಾಲುಗಳಿರುತ್ತವೆ: ಕಾರ್ಡ್ ಅಥವಾ ತಾಯಿಯ ನೆನಪಿನಿಂದ ಒಂದು, ಕಾರ್ಡ್ ಇದ್ದವರದ್ದು ಮಾತ್ರ ಇನ್ನೊಂದು. ಎರಡನೆಯ ಸಾಲಿನ ಅಂಕಿ ದೊಡ್ಡದಾಗಿ ಕಂಡರೆ ಅದನ್ನೇ ಎತ್ತಿಕೊಳ್ಳಬೇಡಿ. ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡ ಮನೆ ಲಸಿಕೆಯನ್ನೂ ಬಿಟ್ಟಿರುವುದಿಲ್ಲ.

ಸಾವಿನ ನೋಂದಣಿಯಲ್ಲೂ ಇದೇ ಗೋಜಲು. 1969ರ ಕಾಯ್ದೆಯಂತೆ ಹುಟ್ಟು ಸಾವು ಎಲ್ಲಿ ಸಂಭವಿಸಿತೋ ಅಲ್ಲಿ ನೋಂದಣಿಯಾಗಬೇಕು, ಊರು ಯಾವುದಾದರೂ ಸರಿ. ಉತ್ತರ ಕನ್ನಡದವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಅಲ್ಲಿ ತೀರಿಕೊಂಡರೆ ಆ ಊರಿನ ಪುಸ್ತಕಕ್ಕೆ ಸೇರುತ್ತಾರೆ. ದೊಡ್ಡ ಆಸ್ಪತ್ರೆ ಇರುವ ಊರು ಕಾಗದದಲ್ಲಿ ಸ್ಮಶಾನದಂತೆಯೂ ಆಸ್ಪತ್ರೆಯೇ ಇಲ್ಲದ ಊರು ಆರೋಗ್ಯಧಾಮದಂತೆಯೂ ಕಾಣುತ್ತದೆ.

ಜಿಲ್ಲೆಯ ಪತ್ರ ಕೈಯಲ್ಲಿ ಹಿಡಿದು

ನಮ್ಮ ಹುಡುಗಿ ಭಾನುವಾರ ಜಿಲ್ಲೆಯ ಪತ್ರವನ್ನು ಅಚ್ಚು ಹಾಕಿಸಿಕೊಂಡು ಮನೆಗೇ ಬಂದಳು. 104 ಸಾಲುಗಳು, ಬಲಕ್ಕೆ ಎರಡು ಕಂಬ: ಹೊಸ ಸುತ್ತು, ಹಳೆಯ ಸುತ್ತು. ಕಡಲೆಪುರಿ ಬಟ್ಟಲು ನಡುವೆ ಇಟ್ಟುಕೊಂಡು ಕುಳಿತೆವು. ಅವಳ ಪೆನ್ನು ಸೀದಾ ಅಂಕಿಗೆ ಹೋಯಿತು. ನಾನು ಅಡಿಟಿಪ್ಪಣಿಗೆ ಕೈ ತೋರಿಸಿದೆ.

ಕೆಲವು ಅಂಕಿಗಳು ಆವರಣ ಚಿಹ್ನೆಯೊಳಗೆ ಇರುತ್ತವೆ. 25ರಿಂದ 49 ಜನರನ್ನು ಮಾತ್ರ ನೋಡಿ ಹೇಳಿದ್ದು ಎಂದು ಅರ್ಥ. ನಕ್ಷತ್ರ ಇದ್ದರೆ 25 ಜನರೂ ಸಿಕ್ಕಿಲ್ಲ, ಆದ್ದರಿಂದ ಅಂಕಿಯನ್ನೇ ಕೊಟ್ಟಿಲ್ಲ. ಏಕೆ ಹೀಗೆ? ಕರ್ನಾಟಕದಲ್ಲಿ ಐದನೆಯ ಸುತ್ತಿನಲ್ಲಿ ನೋಡಿದ್ದು 26,574 ಮನೆ, 30,455 ಮಹಿಳೆಯರು. ಆಗ ಇದ್ದ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ 900 ಮನೆ, ಸಾವಿರದಷ್ಟು ಮಹಿಳೆಯರು. ಸಾವಿರ ಮಹಿಳೆಯರಲ್ಲಿ ಆ ಹೊತ್ತಿಗೆ ಗರ್ಭಿಣಿಯರಾಗಿದ್ದವರು ಎಷ್ಟಿದ್ದಾರು? ನಲವತ್ತೋ ಐವತ್ತೋ. "ಜಿಲ್ಲೆಯ ಗರ್ಭಿಣಿಯರಲ್ಲಿ ರಕ್ತಹೀನತೆ ಇಷ್ಟು" ಎಂಬ ಶೀರ್ಷಿಕೆ ನಿಂತಿರುವುದು ಆ ನಲವತ್ತು ಹೆಣ್ಣುಮಕ್ಕಳ ಬೆರಳ ತುದಿಯ ಮೇಲೆ. ಹಿಂದಿನ ಎರಡು ವಾರದಲ್ಲಿ ಭೇದಿಯಾದ ಮಕ್ಕಳು, ಅವರಲ್ಲಿ ಓಆರ್‌ಎಸ್ ಕುಡಿದವರು ಎಂಬ ಸಾಲಿನದೂ ಇದೇ ಪಾಡು.

ಇನ್ನೊಂದು: "ಲಭ್ಯವಿಲ್ಲ" ಎಂಬ ಗುರುತು ಹಳೆಯ ಕಂಬದಲ್ಲಿದ್ದರೆ ಹಳೆಯ ವರದಿ ಹುಡುಕಿ ತಂದು ಅಲ್ಲಿ ತುಂಬಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಲುಗಳು ಹಾಗಿವೆ. ನಾಲ್ಕನೆಯ ಸುತ್ತಿನಲ್ಲಿ ಮಹಿಳೆಯರಲ್ಲಿ 49 ವರ್ಷದವರೆಗೆ ಮಾತ್ರ ಪರೀಕ್ಷಿಸಿದರು. ಐದನೆಯದರಲ್ಲಿ 15 ದಾಟಿದ ಎಲ್ಲರನ್ನೂ, ಅಜ್ಜಿಯರನ್ನೂ ಸೇರಿಸಿಕೊಂಡರು. ಅಜ್ಜಿ ಬಂದ ಮೇಲೆ ಬಿಪಿ ಏರದೆ ಇರುತ್ತದೆಯೇ?

ಸಿಸೇರಿಯನ್ ಸಾಲಿನಲ್ಲಿ ಹುಡುಗಿ ಎಡವಿದಳು. ರಾಜ್ಯದ ಅಂಕಿ ಶೇ 23.6 ಇದ್ದದ್ದು ಶೇ 31.5 ಆಗಿದೆ. ಏರಿಕೆ 7.9 ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ. "ಶೇ 7.9 ಏರಿಕೆ" ಎಂದು ಬರೆದುಕೊಂಡಿದ್ದಳು, ಹಾಗೆ ಬರೆದರೆ ತಪ್ಪು, ಹಳೆಯದಕ್ಕೆ ಹೋಲಿಸಿದರೆ ಮೂರನೇ ಒಂದರಷ್ಟು ಏರಿದೆ. ಅದಕ್ಕಿಂತ ದೊಡ್ಡ ಎಡವಟ್ಟು ಮುಂದಿನ ಸಾಲಿನಲ್ಲಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಶೇ 52.5. "ರಾಜ್ಯದ ಅರ್ಧ ಹೆರಿಗೆ ಖಾಸಗಿಯವರ ಕತ್ತರಿಗೆ" ಎಂದು ಶೀರ್ಷಿಕೆ ಯೋಚಿಸಿದ್ದಳು. ಛೇದ ನೋಡು ಎಂದೆ. ಅದು ಖಾಸಗಿಯಲ್ಲಿ ಆದ ಹೆರಿಗೆಗಳಲ್ಲಿ ಅರ್ಧ. ಸರ್ಕಾರಿ ಆಸ್ಪತ್ರೆಯ ಹೆರಿಗೆಗಳಲ್ಲಿ ಶೇ 22.6. ಈ ಅಂತರವೇ ಸಾಕಷ್ಟು ದೊಡ್ಡ ಸುದ್ದಿ, ಅದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವಿಲ್ಲ. ಖಾಸಗಿಗೆ ಹೋಗುವವರಲ್ಲಿ ದುಡ್ಡಿದ್ದವರು ಹೆಚ್ಚು ಎಂಬುದನ್ನು ಮಾತ್ರ ಮರೆಯಬಾರದು.

ಚಿಕ್ಕ ಬದಲಾವಣೆಗೆ ಕುಣಿಯಬೇಡಿ. ಐದು ವರ್ಷದೊಳಗಿನ ಕುಳ್ಳಾದ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಮಕ್ಕಳು ರಾಜ್ಯದಲ್ಲಿ ಶೇ 36.2 ಇದ್ದವರು ಶೇ 35.4 ಆದರು. ಮಾದರಿಯಲ್ಲಿ ಬೇರೆ ನಾಲ್ಕು ಬೀದಿಗಳು ಬಂದಿದ್ದರೆ ಈ ಮುಕ್ಕಾಲು ಅಂಶ ಅತ್ತಿತ್ತ ಆಗುತ್ತಿತ್ತು. ಇದನ್ನು ಇಳಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಂಗನವಾಡಿ, ಮೊಟ್ಟೆ, ಹಾಲು ಎಲ್ಲದರ ನಡುವೆಯೂ ಮೂವರಲ್ಲಿ ಒಂದು ಮಗು ಆಗಲೂ ಕುಳ್ಳಾಗಿಯೇ ಇತ್ತು ಎಂದು ಓದುತ್ತೇನೆ.

ವಿಜಯನಗರ ಜಿಲ್ಲೆಯವರು ತಮ್ಮ ಪತ್ರ ಹುಡುಕಿ ಸುಸ್ತಾಗಬೇಡಿ. ಆ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಸಮೀಕ್ಷೆಯವರು ಕರ್ನಾಟಕಕ್ಕೆ ಬಂದದ್ದು 2019ರಲ್ಲಿ. ಹೊಸಪೇಟೆ, ಹಡಗಲಿ, ಕೂಡ್ಲಿಗಿಗಳೆಲ್ಲ ಬಳ್ಳಾರಿಯ ಅಂಕಿಯೊಳಗೇ ಇವೆ. 2019 ಎಂಬುದನ್ನು ಇನ್ನೊಂದು ಕಾರಣಕ್ಕೂ ನೆನಪಿಡಿ: ನಮ್ಮ ರಾಜ್ಯದ ಆ ಅಂಕಿಗಳು ಕೋವಿಡ್‌ಗೆ ಮೊದಲಿನವು. ಅವುಗಳನ್ನು ಹಿಡಿದು "ಲಾಕ್‌ಡೌನ್ ಪರಿಣಾಮ" ಎಂದು ಬರೆದವರನ್ನು ನೋಡಿದ್ದೇನೆ.

ಸಾವಿರದ ಇಪ್ಪತ್ತು

2021ರ ನವೆಂಬರಿನಲ್ಲಿ ಎಲ್ಲ ಕಡೆ ಒಂದೇ ಮಾತು: ಭಾರತದಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರು, ಹೆಣ್ಣು ಭ್ರೂಣಹತ್ಯೆ ಮುಗಿಯಿತು. ಸೀರೆ ಹಂಚುವುದೊಂದು ಬಾಕಿ. ಆದರೆ ಆ ಅಂಕಿ ಕೊಟ್ಟ ಐದನೆಯ ಸುತ್ತಿನ ಸಮೀಕ್ಷೆಯವರು ಎಣಿಸಿದ್ದು ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಮಲಗಿದ ರಾಯಚೂರಿನ ಗಂಡಸು, ಸೈನ್ಯದ ಬ್ಯಾರಕ್ಕಿನಲ್ಲಿರುವ ಕೊಡಗಿನ ಹುಡುಗ, ಹಾಸ್ಟೆಲಿನ ವಿದ್ಯಾರ್ಥಿ ಯಾರ ಮನೆಯ ಎಣಿಕೆಗೂ ಬರುವುದಿಲ್ಲ. ಮನೆಯಲ್ಲಿ ಉಳಿದವಳು ಹೆಂಗಸು. ಜತೆಗೆ ಅತ್ತೆ, ಅವಳ ಗಂಡ ಆಗಲೇ ತೀರಿಕೊಂಡಿರುತ್ತಾನೆ. ಭ್ರೂಣಹತ್ಯೆಯ ಮಾತಿಗೆ ನೋಡಬೇಕಾದ ಸಾಲು ಅದೇ ಪತ್ರದಲ್ಲಿ ಅದರ ಕೆಳಗೇ ಇದೆ: ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರ ಗಂಡಿಗೆ 929 ಹೆಣ್ಣು. ಒಂದು ಸಾಲು ಕೆಳಗೆ ಇಳಿಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಕಾಯಿಲೆ ಹೆಚ್ಚಾಯಿತೋ, ಹುಡುಕಿದ್ದು ಹೆಚ್ಚಾಯಿತೋ

ಕ್ಷಯವನ್ನು ತೆಗೆದುಕೊಳ್ಳಿ. 2023ರಲ್ಲಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ರೋಗಿಗಳು ದಾಖಲಾದರು, ಹಿಂದೆಂದಿಗಿಂತ ಹೆಚ್ಚು. ಹೆದರಬೇಕೇ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಲಕ್ಷಕ್ಕೆ ಹೊಸ ರೋಗಿಗಳು 2015ರಲ್ಲಿ 237 ಇದ್ದವರು 2023ರಲ್ಲಿ 195ಕ್ಕೆ ಇಳಿದಿದ್ದಾರೆ. ಹಿಂದೆ ಖಾಸಗಿ ವೈದ್ಯರ ಬಳಿ ಗುಟ್ಟಾಗಿ ಮಾತ್ರೆ ನುಂಗುತ್ತಿದ್ದವರು ಈಗ ಪುಸ್ತಕಕ್ಕೆ ಬಂದಿದ್ದಾರೆ. ನಾನು ಕಫದ ಡಬ್ಬಿ ಹಿಡಿದು ಮನೆಮನೆ ತಿರುಗಿದ ತಿಂಗಳು ನನ್ನ ಹಳ್ಳಿಗಳಲ್ಲಿ ಕ್ಷಯ "ಹೆಚ್ಚಾಗುತ್ತಿತ್ತು". ರಜೆ ಹಾಕಿದ ತಿಂಗಳು ಗುಣವಾಗುತ್ತಿತ್ತು.

ಸಾವಿನ ಕಾರಣದ ಪಟ್ಟಿಯನ್ನು ಇನ್ನೂ ಎಚ್ಚರದಿಂದ ನೋಡಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಅವೂ ಬಹುಪಾಲು ಆಸ್ಪತ್ರೆಯ ಸಾವುಗಳು. ಉಳಿದವರದ್ದು "ಎದೆ ಹಿಡಿಯಿತು, ವಯಸ್ಸಾಗಿತ್ತು". ಕೋವಿಡ್ ಕಾಲದಲ್ಲಿ ಇದು ಬಯಲಾಯಿತು. 2021ರ ಕೊನೆಗೆ ಸರ್ಕಾರದ ಲೆಕ್ಕದಲ್ಲಿ ಕೋವಿಡ್ ಸಾವು 4.8 ಲಕ್ಷ; ಆ ಎರಡು ವರ್ಷಗಳಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆ ವಿಧಾನವನ್ನು ಸರ್ಕಾರ ಒಪ್ಪಲಿಲ್ಲ. ಎರಡು ಅಂಕಿಗಳೂ ಒಂದೇ ಪ್ರಶ್ನೆಯ ಉತ್ತರಗಳಲ್ಲ: ಒಂದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸಾವು, ಇನ್ನೊಂದು ಒಟ್ಟು ಸಾವಿನಿಂದ ಮಾಮೂಲಿ ವರ್ಷದ್ದನ್ನು ಕಳೆದ ಅಂದಾಜು. 47 ಲಕ್ಷವೇ ಸರಿಯೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ವರ್ಷದ ಮೇ ತಿಂಗಳಲ್ಲಿ ಎಷ್ಟು ಮನೆಗಳ ಮುಂದೆ ಬೆಂಕಿ ಮಡಕೆ ಕಂಡೆ, ಎಷ್ಟು ಹೆಸರು ಪಟ್ಟಿಗೆ ಬಂತು ಎಂಬುದು ನೆನಪಿದೆ.

ನನ್ನ ಕೈಬರಹದ ತಪ್ಪು

ಜನನ ತೂಕದ ಅಂಕಿ ನೋಡುವಾಗ ಒಂದು ಗುಟ್ಟು. 2.5 ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು. ಹಳೆಯ ಸ್ಪ್ರಿಂಗ್ ತಕ್ಕಡಿಯ ಮುಳ್ಳು ನಡುಗುತ್ತಿರುತ್ತದೆ, ಮಗು ಒದೆಯುತ್ತಿರುತ್ತದೆ, ಮುಳ್ಳು 2.4ಕ್ಕೂ 2.5ಕ್ಕೂ ನಡುವೆ. ನಾನು 2.5 ಬರೆದಿದ್ದೇನೆ. ಒಂದು ಸಲವಲ್ಲ. ನನ್ನಂತೆ ಬರೆದವರು ದೇಶದ ತುಂಬ ಇದ್ದಾರೆ; ತೂಕಗಳ ಪಟ್ಟಿಯನ್ನು ಬಿಡಿಸಿ ನೋಡಿದರೆ ಸರಿಯಾಗಿ 2.5ರ ಮೇಲೆ ರಾಶಿ ಬಿದ್ದಿರುತ್ತದೆ. ಸಾಹ್ಲಿ ಕೊಳವೆಯಲ್ಲಿ ರಕ್ತದ ಬಣ್ಣವನ್ನು ಬಿಸಿಲಿಗೆ ಹಿಡಿದು ಹಿಮೋಗ್ಲೋಬಿನ್ ಹೇಳುತ್ತಿದ್ದ ಕಾಲದಲ್ಲಿ ಎಲ್ಲರಿಗೂ 10 ಬರುತ್ತಿತ್ತು. ಮೋಡದ ದಿನವೂ 10. ಆದ್ದರಿಂದ ಒಂದು ರಿಜಿಸ್ಟರ್ ನಿಮ್ಮ ಕೈಗೆ ಬಂದರೆ ಸರಾಸರಿ ಲೆಕ್ಕ ಹಾಕುವ ಮೊದಲು ಕಣ್ಣಾಡಿಸಿ. ಸೊನ್ನೆ, ಐದರಲ್ಲೇ ಮುಗಿಯುವ ಅಂಕಿಗಳು ಹೆಚ್ಚಿದ್ದರೆ ಅಳೆದದ್ದು ಕಣ್ಣು, ಯಂತ್ರವಲ್ಲ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಹೊರಗೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು.

ಮತ್ತೊಂದು ದೊಡ್ಡ ತೊಂದರೆ ನನ್ನ ಕೈ ಮೀರಿದ್ದು. 2011ರ ನಂತರ ಜನಗಣತಿ ಆಗಲಿಲ್ಲ. 2021ರದ್ದು ಮುಂದೂಡಿ 2027ಕ್ಕೆ ನಿಗದಿಯಾಯಿತು. ತಲಾ ಇಷ್ಟು, ಲಕ್ಷಕ್ಕೆ ಇಷ್ಟು ಎಂದು ಈ ನಡುವೆ ಕೇಳಿದ ಅನೇಕ ಲೆಕ್ಕಗಳ ಛೇದ ಆ ಹಳೆಯ ಗಣತಿಯಿಂದ ಎಳೆದು ತಂದ ಅಂದಾಜು. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಿಗೆ, ಗುಳೆ ಹೋಗುವ ತಾಲ್ಲೂಕುಗಳಿಗೆ ಇದು ಅತಿ ಹೆಚ್ಚು ಹೊಡೆಯುತ್ತದೆ.

ಹುಡುಗಿ ಕೊನೆಗೆ ಮುಖಪುಟದ ವರದಿಯನ್ನು ಬಿಟ್ಟು, ಸತ್ತ ಇಬ್ಬರ ಊರಿಗೆ ಹೋದಳು. ಒಬ್ಬಳಿಗೆ ಹೆರಿಗೆಯ ನಂತರ ರಕ್ತ ನಿಲ್ಲಲಿಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ಮೂರು ಕಡೆ ಓಡಾಡಿಸಿದ್ದರು. ಇನ್ನೊಬ್ಬಳು ತವರಿಗೆ ಬಂದವಳು. ಅವಳ ತಾಯಿ ಕಾರ್ಡ್ ಆಂಧ್ರದ ಗಡಿಯಾಚೆಯದು.

ನೀವೂ ಹೀಗೆ ಉಪಕೇಂದ್ರಕ್ಕೆ ಹೋಗಿ ಕೇಳುವುದಾದರೆ ಗುರುವಾರ ಹೋಗಬೇಡಿ, ಲಸಿಕೆಯ ದಿನ. ತಿಂಗಳ ಕೊನೆಯ ಎರಡು ದಿನವೂ ಬೇಡ, ಆಕೆ ವರದಿ ಬರೆಯುತ್ತಿರುತ್ತಾಳೆ. ಬೇರೆ ದಿನ ಮಧ್ಯಾಹ್ನ ಮೂರರ ನಂತರ ಹೋಗಿ. ಎಷ್ಟು ಸಾಧನೆಯಾಯಿತು ಎಂದು ಕೇಳಬೇಡಿ. ಈ ವರ್ಷ ಯಾರು ಯಾರು ತವರಿಗೆ ಬಂದಿದ್ದಾರೆ ಎಂದು ಕೇಳಿ. ರಿಜಿಸ್ಟರ್ ತೆಗೆಯದೆಯೇ ಹೇಳುತ್ತಾಳೆ.